ಗ್ರಾಮಸಭೆಗೆ ಉತ್ತರಿಸದ ಸಂಸ್ಥೆ ಯಾರ ಸಂಸ್ಥೆ?

"ಇವರನ್ನು ಆರಿಸಿದವರು ಯಾರು?" ಕೊಡಗಿನಲ್ಲಿ ಒಂದು ಹೆದ್ದಾರಿ, ಒಂದು ವಿದ್ಯುತ್ ಮಾರ್ಗ, ಒಂದು ರೆಸಾರ್ಟ್ ಅಥವಾ ಒಂದು ಅರಣ್ಯ ಕಾಯ್ದೆಯ ಕುರಿತು ಯಾವುದಾದರೂ ಸ್ವಯಂಸೇವಾ ಸಂಸ್ಥೆ ಬಾಯ್ತೆರೆದೊಡನೆ ಕೇಳಿಬರುವ ಮೊದಲ ಪ್ರಶ್ನೆ ಇದು. ಶಾಸಕರನ್ನು ಜನ ಆರಿಸಿದ್ದಾರೆ, ಸರ್ಕಾರ ಜನಾದೇಶದಿಂದ ಬಂದಿದೆ, ನೀತಿ ರೂಪಿಸುವುದು ಅವರ ಕೆಲಸ. ನೋಂದಣಿ ಪತ್ರವೊಂದನ್ನು ಕೈಯಲ್ಲಿ ಹಿಡಿದವರು ಅಭಿವೃದ್ಧಿಗೆ ಅಡ್ಡಗಾಲು ಹಾಕುವುದು ಪ್ರಜಾಪ್ರಭುತ್ವಕ್ಕೆ ಅಪಚಾರ ಎಂಬುದು ಈ ವಾದದ ತಿರುಳು.

ಪ್ರಶ್ನೆ ಅಯೋಗ್ಯವಾದುದಲ್ಲ. ಅದನ್ನು ಕೇಳುವಲ್ಲಿರುವ ಪಕ್ಷಪಾತ ಅಯೋಗ್ಯವಾದುದು. ಬೆಳೆಗಾರರ ಸಂಘ, ವರ್ತಕರ ಸಂಘ, ಗುತ್ತಿಗೆದಾರರ ಸಂಘ, ಹೋಟೆಲ್ ಮಾಲೀಕರ ಸಂಘ ಇವು ಯಾವುವನ್ನೂ ಸಾರ್ವಜನಿಕರು ಮತ ಹಾಕಿ ಆರಿಸಿಲ್ಲ. ಆದರೂ ಮಂತ್ರಿಗಳು ಮಡಿಕೇರಿಗೆ ಬಂದಾಗ ಅವುಗಳ ಮನವಿಪತ್ರಕ್ಕೆ ಮೊದಲ ಮನ್ನಣೆ. ಕಾಫಿ ಮಂಡಳಿಯ ಪೂಲ್ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಕೊನೆಗೊಂಡುದರ ಹಿಂದೆ ಬೆಳೆಗಾರರ ಸಂಘಗಳ ನಿರಂತರ ಒತ್ತಾಯವಿತ್ತು. ಅದು ನ್ಯಾಯವಾದ ಒತ್ತಾಯವೇ ಆಗಿರಬಹುದು. ಆದರೆ ಆ ಸಂಘಗಳಿಗೆ "ನಿಮ್ಮನ್ನು ಆರಿಸಿದವರು ಯಾರು?" ಎಂದು ಕೇಳಿದವರುಂಟೇ? ಅದೇ ತೋಟದ ಲೈನ್‌ಮನೆಯಲ್ಲಿ ವಾಸಿಸುವ ಯರವರ ಪರವಾಗಿ ಒಂದು ಸಂಸ್ಥೆ ಮಾತನಾಡಿದಾಗ ಮಾತ್ರ ಈ ಪ್ರಶ್ನೆ ಏಕೆ ಹುಟ್ಟಿಕೊಳ್ಳುತ್ತದೆ?

ಈ ಅನ್ಯಾಯವನ್ನು ತೋರಿಸಿಕೊಟ್ಟ ಮಾತ್ರಕ್ಕೆ ಸಂಸ್ಥೆಗಳ ಹೊಣೆ ಮುಗಿಯುವುದಿಲ್ಲ. ಪ್ರಶ್ನೆಗೆ ಪ್ರಾಮಾಣಿಕ ಉತ್ತರವೊಂದು ಬೇಕು. ಕೊಡಗಿನ ಕಳೆದ ಮೂರು ದಶಕಗಳ ಅನುಭವದಲ್ಲಿಯೇ ಆ ಉತ್ತರವಿದೆ.

ಎರಡು ಸ್ಥಾನಗಳ ಜಿಲ್ಲೆ

1952ರಲ್ಲಿ ಕೊಡಗು ತನ್ನದೇ ಆದ ರಾಜ್ಯವಾಗಿತ್ತು. ಅದರ ವಿಧಾನಸಭೆಯಲ್ಲಿ 24 ಸದಸ್ಯರಿದ್ದರು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಕ್ಷೇತ್ರ ಮರುವಿಂಗಡಣೆಯ ಬಳಿಕ, 2008ರ ಚುನಾವಣೆಯಿಂದ, ಸೋಮವಾರಪೇಟೆ ಕ್ಷೇತ್ರವೂ ಅಳಿದು ಮಡಿಕೇರಿ ಮತ್ತು ವಿರಾಜಪೇಟೆ ಎಂಬ ಎರಡು ಕ್ಷೇತ್ರಗಳಷ್ಟೇ ಉಳಿದವು. 224 ಸ್ಥಾನಗಳ ಸಭೆಯಲ್ಲಿ ಕೊಡಗಿನ ದನಿ ಎರಡು. ಲೋಕಸಭೆಯಲ್ಲಿ ಸ್ವಂತ ಸ್ಥಾನವಿಲ್ಲ, ಮೈಸೂರಿನೊಡನೆ ಹಂಚಿಕೊಳ್ಳಬೇಕು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ. ತಲೆ ಎಣಿಕೆಯ ಲೆಕ್ಕದಲ್ಲಿ ಈ ಪ್ರಾತಿನಿಧ್ಯ ತಪ್ಪಲ್ಲ.

ಆದರೆ ಕಾಡು, ನದಿ, ಮಳೆ ಇವು ತಲೆ ಎಣಿಕೆಗೆ ಒಳಪಡುವುದಿಲ್ಲ. ಕಾವೇರಿಯ ಹುಟ್ಟು ಇಲ್ಲಿ. ಅದರ ನೀರಿಗಾಗಿ ಹೋರಾಡುವ ಮತದಾರರು ಕೆಳಗಿನ ಬಯಲಿನಲ್ಲಿ. ಕೊಡಗಿನ ಬೆಟ್ಟವನ್ನು ಕಡಿಯಬೇಕೇ, ಕಾಡಿನ ನಡುವೆ ಏನು ಹಾಯಬೇಕು ಎಂಬ ತೀರ್ಮಾನಗಳು ಬೆಂಗಳೂರು ಮತ್ತು ದೆಹಲಿಯಲ್ಲಿ ಆಗುತ್ತವೆ. ಐದು ವರ್ಷಕ್ಕೊಮ್ಮೆ ಒತ್ತುವ ಗುಂಡಿಯೊಂದರಿಂದ ಈ ತೀರ್ಮಾನಗಳನ್ನು ತಿದ್ದಲು ಹಾಡಿಯ ಜನರಿಗಾಗಲಿ, ಐದು ಎಕರೆಯ ಬೆಳೆಗಾರನಿಗಾಗಲಿ ಸಾಧ್ಯವಿಲ್ಲ. ಆದುದರಿಂದ ಸಂಘಟನೆ ಮಲೆನಾಡಿಗರಿಗೆ ಪ್ರಜಾಪ್ರಭುತ್ವದ ಹೊರಗಿನ ಅಲಂಕಾರವಲ್ಲ. ಎರಡು ಚುನಾವಣೆಗಳ ನಡುವಿನ ಕಾಲದಲ್ಲಿ ಅವರಿಗಿರುವ ಏಕೈಕ ಬಾಯಿ ಅದು. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯೇ ಕೊಟ್ಟಿದೆ. ಆ ಬಾಯಿಯಿಂದ ಹೊರಡುವ ಮಾತು ಯಾರದು ಎಂಬುದಷ್ಟೇ ವಿಚಾರ.

ಮೂರ್ಕಲ್‌ನ ಪಾಠ

ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿನ ಮೂರ್ಕಲ್‌ನಲ್ಲಿ ಅರಣ್ಯ ಇಲಾಖೆಯ ಕಟ್ಟಡಗಳನ್ನು 1990ರ ದಶಕದಲ್ಲಿ ರಾಜ್ಯ ಸರ್ಕಾರವು ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟಿತು. ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದ ಜೇನುಕುರುಬರು, ಬೆಟ್ಟಕುರುಬರು, ಯರವರು ಗೆಣಸು ಅಗೆದರೂ ಜೇನು ಕಿತ್ತರೂ ಅಪರಾಧ. ಅದೇ ಕಾಡಿನಲ್ಲಿ ಪ್ರವಾಸಿಗರಿಗಾಗಿ ವಿಲಾಸಿ ಹೋಟೆಲು ಏಳುವುದು ಅಭಿವೃದ್ಧಿ. ಈ ವೈಪರೀತ್ಯವನ್ನು ಆದಿವಾಸಿಗಳು ಸಹಿಸಲಿಲ್ಲ. 1996ರಲ್ಲಿ ಅವರು ಹೋರಾಟಕ್ಕಿಳಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯ ಹೆಸರಿನಲ್ಲಿ ಹೈಕೋರ್ಟಿನ ಬಾಗಿಲು ತಟ್ಟಿದರು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಪೂರ್ವಾನುಮತಿಯಿಲ್ಲದೆ ಕೊಟ್ಟ ಗುತ್ತಿಗೆ ಕಾನೂನುಬಾಹಿರವೆಂದು 1997ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಹೋಟೆಲು ನಿಂತಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕಾನೂನಿನ ಮಾತನ್ನು ತಿಳಿಸಲು, ಅರ್ಜಿ ಬರೆಯಲು, ವಕೀಲರನ್ನು ಗೊತ್ತುಮಾಡಲು, ಪತ್ರಿಕೆಗಳಿಗೆ ಸುದ್ದಿ ಮುಟ್ಟಿಸಲು ಓದುಬಲ್ಲವರ ಸಂಸ್ಥೆಗಳು ಇಂಥ ಹೋರಾಟಗಳಿಗೆ ಬೇಕಾಗುತ್ತವೆ. ಅವುಗಳ ನೆರವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಮೂರ್ಕಲ್‌ನಲ್ಲಿ ದಾವೆಯ ಹೆಸರು ಆದಿವಾಸಿಗಳ ಸಮಿತಿಯದು. ಹೋಟೆಲು ಬೇಡವೆಂಬ ನಿರ್ಧಾರ ಹಾಡಿಗಳದು. ಸೋತಿದ್ದರೆ ನಷ್ಟವೂ ಅವರದೇ ಆಗುತ್ತಿತ್ತು. ಲೇಖನಿ ಹಿಡಿದವರು ನಿರ್ಧಾರವನ್ನು ಹಿಡಿಯಲಿಲ್ಲ. "ಆರಿಸಿದವರು ಯಾರು?" ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಬಯಲುಸೀಮೆಯ ಅಂಚಿನಲ್ಲಿಯೂ ಇದೇ ಪಾಠವನ್ನು ಕಾಣಬಹುದು. ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಜತೆಗೂಡಿ 1984ರಲ್ಲಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸಂಸ್ಥೆಗೆ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿ ನೆಡುವುದಕ್ಕೆ ಒಪ್ಪಿಸುವ ಯೋಜನೆಯಿತ್ತು. ಹಳ್ಳಿಗರ ದನ ಮೇಯುವ, ಸೌದೆ ಆಯುವ ನೆಲ ಅದು. ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರಂಥ ಹಿರಿಯರು ಸುಪ್ರೀಂ ಕೋರ್ಟಿಗೆ ಹೋದರು. ಆದರೆ ಹೋರಾಟಕ್ಕೆ ಬಲ ಬಂದದ್ದು 1987ರ ನವೆಂಬರ್ 14ರಂದು, ಹಾನಗಲ್ ತಾಲೂಕಿನ ಕುಸನೂರಿನಲ್ಲಿ, ಹಳ್ಳಿಗರು ತಮ್ಮ ಕೈಯಾರೆ ನೀಲಗಿರಿ ಸಸಿಗಳನ್ನು ಕಿತ್ತು ಉಪಯುಕ್ತ ಸಸಿಗಳನ್ನು ನೆಟ್ಟಾಗ. 'ಕಿತ್ತಿಕೊ-ಹಚ್ಚಿಕೊ' ಎಂದು ಹೆಸರಾದ ಆ ಸತ್ಯಾಗ್ರಹದ ಬಳಿಕ, 1991ರಲ್ಲಿ, ಆ ಸಂಸ್ಥೆಯನ್ನು ಮುಚ್ಚಲು ಸರ್ಕಾರವೇ ತೀರ್ಮಾನಿಸಿತು. ನ್ಯಾಯಾಲಯದ ಕಾಗದ ಮತ್ತು ಹಳ್ಳಿಯ ಕೈ ಎರಡೂ ಜತೆಗೂಡಿದಾಗ ಮಾತ್ರ ನೀತಿ ಬದಲಾಯಿತು.

ಸಹಭಾಗಿತ್ವವೆಂಬ ಮುಖವಾಡ

ಮೂರ್ಕಲ್‌ನ ಹೋರಾಟ ನಡೆಯುತ್ತಿದ್ದ ಕಾಲದಲ್ಲಿಯೇ ನಾಗರಹೊಳೆಗೆ ಇನ್ನೊಂದು ಯೋಜನೆ ಬಂದಿತು. ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನ 'ಭಾರತ ಪರಿಸರ-ಅಭಿವೃದ್ಧಿ ಯೋಜನೆ'ಗೆ ದೇಶದ ಏಳು ಸಂರಕ್ಷಿತ ಪ್ರದೇಶಗಳು ಆಯ್ಕೆಯಾಗಿದ್ದವು, ನಾಗರಹೊಳೆ ಅವುಗಳಲ್ಲೊಂದು. ಯೋಜನೆಯ ಕಡತದ ಪುಟಪುಟದಲ್ಲಿ 'ಜನರ ಸಹಭಾಗಿತ್ವ' ಎಂಬ ಮಾತು. ಊರಿಗೊಂದು ಕಿರುಯೋಜನೆ, ಅದನ್ನು ರೂಪಿಸಲು ಸ್ವಯಂಸೇವಾ ಸಂಸ್ಥೆಗಳ ನೆರವು ಎಂಬ ವ್ಯವಸ್ಥೆ. ಹೊರನೋಟಕ್ಕೆ ಇದಕ್ಕಿಂತ ಪ್ರಜಾಸತ್ತಾತ್ಮಕವಾದುದು ಇನ್ನಾವುದು?

ಆದರೆ ಉದ್ಯಾನದೊಳಗೆ ಬಾಳುತ್ತಿದ್ದವರನ್ನು ಯೋಜನೆ ರೂಪುಗೊಳ್ಳುವ ಮುನ್ನ ಕೇಳಿರಲಿಲ್ಲ. ಅವರು 1998ರಲ್ಲಿ ವಿಶ್ವಬ್ಯಾಂಕಿನ ಪರಿಶೀಲನಾ ಮಂಡಳಿಗೇ ದೂರು ಸಲ್ಲಿಸಿದರು. ಯೋಜನೆಯ ವಿನ್ಯಾಸದಲ್ಲಿ ದೋಷವಿದೆ, ಸ್ಥಳೀಯರೊಡನೆ ಸಮಾಲೋಚನೆ ಸಾಲದು ಎಂಬುದನ್ನು ಮಂಡಳಿ ಗುರುತಿಸಿ ತನಿಖೆಗೆ ಶಿಫಾರಸು ಮಾಡಿತು. ಬ್ಯಾಂಕಿನ ಆಡಳಿತ ಸಭೆ ತನಿಖೆಗೆ ಒಪ್ಪಲಿಲ್ಲ. ಲೋಪಗಳನ್ನು ಸರಿಪಡಿಸಿಕೊಳ್ಳುವಂತೆ ಸೂಚಿಸಿ ಸುಮ್ಮನಾಯಿತು.

ಇದರಿಂದ ಕಲಿಯಬೇಕಾದುದು ಇಷ್ಟು. ಮೊದಲು ನಿಧಿ, ಆಮೇಲೆ ಯೋಜನೆ, ಆಮೇಲೆ ಸಂಸ್ಥೆ, ಕಟ್ಟಕಡೆಗೆ ಜನ ಎಂಬ ಕ್ರಮದಲ್ಲಿ ನಡೆದ ಕೆಲಸಕ್ಕೆ ಸಹಭಾಗಿತ್ವವೆಂದು ಹೆಸರಿಡಲಾಗದು. ಅಂಥ ಕಡೆ ಸಂಸ್ಥೆ ಗುತ್ತಿಗೆದಾರನಾಗುತ್ತದೆ. ರಸ್ತೆಯ ಗುತ್ತಿಗೆದಾರ ಜಲ್ಲಿ ಒದಗಿಸುವಂತೆ ಅದು ಜನರ ಸಹಿಯನ್ನು ಒದಗಿಸುತ್ತದೆ. ಸಭೆಯ ಛಾಯಾಚಿತ್ರ, ಹಾಜರಿ ಪುಸ್ತಕದ ಹೆಬ್ಬೆಟ್ಟು, ಊಟದ ಬಿಲ್ಲು ಇವು ಸೇರಿದರೆ ವರದಿ ಸಿದ್ಧ. ಸರ್ಕಾರಕ್ಕೆ ಬೇಕಾದ ಮೊಹರು ದೊರಕುತ್ತದೆ. ಬೇಡವೆಂದು ಹೇಳುವ ಅವಕಾಶ ಮಾತ್ರ ಯಾರಿಗೂ ದೊರಕುವುದಿಲ್ಲ. ಬೇಡವೆನ್ನಲು ಎಡೆಯಿಲ್ಲದ ಕಡೆ ಹೌದೆಂಬ ಮಾತಿಗೆ ಬೆಲೆಯೇನು?

ಹುಲಿಗೆ ಮತವಿಲ್ಲ, ನಿಜ

ಇಲ್ಲಿ ಪರಿಸರಾಸಕ್ತರಿಂದ ಒಂದು ಆಕ್ಷೇಪ ಬರುತ್ತದೆ. ಹುಲಿಗೆ ಮತವಿಲ್ಲ, ಹೊಳೆಗೆ ಮತವಿಲ್ಲ, ಮುಂದೆ ಹುಟ್ಟುವ ಮಕ್ಕಳಿಗೆ ಮತವಿಲ್ಲ. ಇಂದಿನ ಬಹುಮತ ಕಾಡನ್ನು ಮಾರಲು ಹೊರಟರೆ ಅವುಗಳ ಪರವಾಗಿ ನಿಲ್ಲುವವರು ಬೇಡವೇ? ಬೇಕು, ಖಂಡಿತವಾಗಿ ಬೇಕು. ನಾಗರಹೊಳೆಯ ಹುಲಿಗಳು ಉಳಿದುದರಲ್ಲಿ ಕಾವಲು ಕಾದವರ ಶ್ರಮವಿದೆ. ಆದರೆ ಮೂಕಪ್ರಾಣಿಗಳ ಪರವಾಗಿ ಮಾತನಾಡುವ ಅಧಿಕಾರ ಮಾತನಾಡಬಲ್ಲ ಮನುಷ್ಯರನ್ನು ಮೂಕರಾಗಿಸುವ ಅಧಿಕಾರವಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯ ವಿರುದ್ಧ ವೈಲ್ಡ್‌ಲೈಫ್ ಫಸ್ಟ್ ಮೊದಲಾದ ಸಂಸ್ಥೆಗಳು 2008ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವು. ಆ ಪ್ರಕರಣದಲ್ಲಿ, 2019ರ ಫೆಬ್ರುವರಿ 13ರಂದು, ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸುವಂತೆ ಆದೇಶವಾಯಿತು. ದೇಶದಾದ್ಯಂತ ತಿರಸ್ಕೃತ ಅರ್ಜಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಗಲಭೆಯೆದ್ದ ಮೇಲೆ ಅದೇ ತಿಂಗಳ 28ರಂದು ನ್ಯಾಯಾಲಯವೇ ಆದೇಶಕ್ಕೆ ತಡೆ ನೀಡಿತು. ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಆ ಸಂಸ್ಥೆಗಳಿಗೆ ನಿರಾಕರಿಸುವಂತಿಲ್ಲ. ಆದರೆ ಹಕ್ಕಿನ ಅರ್ಜಿಯನ್ನು ಮೊದಲು ಪರಿಶೀಲಿಸಬೇಕಾದುದು ಗ್ರಾಮಸಭೆ ಎಂದು ಹೇಳುವ ಕಾಯ್ದೆಯನ್ನೇ ಪ್ರಶ್ನಿಸುವಾಗ, ಎಷ್ಟು ಗ್ರಾಮಸಭೆಗಳ ಮುಂದೆ ಆ ವಿಷಯವನ್ನು ಇಡಲಾಯಿತು ಎಂದು ಕೇಳುವ ಹಕ್ಕು ಹಾಡಿಯ ಜನರಿಗೂ ಇದೆ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಅರಣ್ಯ ಇಲಾಖೆ ನೆಲಸಮಗೊಳಿಸಿದಾಗಲೂ ಈ ಬಿರುಕು ಕಂಡಿತು. ಮೀಸಲು ಅರಣ್ಯ ಉಳಿಯಬೇಕೆಂಬ ಮಾತು ಒಂದೆಡೆ. ಲೈನ್‌ಮನೆಯ ಜೀತದಿಂದ ಹೊರಬಂದವರಿಗೆ ತಲೆಯ ಮೇಲೊಂದು ಸೂರು ಬೇಕೆಂಬ ಮಾತು ಇನ್ನೊಂದೆಡೆ. ಎರಡೂ ನ್ಯಾಯದ ಮಾತುಗಳೇ. ಕಡೆಗೆ ಕುಟುಂಬಗಳಿಗೆ ಕುಶಾಲನಗರದ ಸಮೀಪದ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಅರಣ್ಯದ ಹೊರಗೆ ಭೂಮಿ ಹುಡುಕುವ ಆ ಕೆಲಸ ಬುಲ್ಡೋಜರ್ ಬರುವ ಮುನ್ನವೇ ಆಗಬಾರದಿತ್ತೇ? ಕಾಡಿನ ಪಕ್ಷದವರೂ ಜನರ ಪಕ್ಷದವರೂ ಒಂದೇ ಚಾಪೆಯ ಮೇಲೆ ಕುಳಿತು ಆ ಬೇಡಿಕೆಯನ್ನು ಮೊದಲೇ ಇಟ್ಟಿದ್ದರೆ ಸರ್ಕಾರಕ್ಕೆ ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಹೊಡೆಯುವ ಅನುಕೂಲ ಇರುತ್ತಿರಲಿಲ್ಲ.

ಊರಿಗೆ ಬಾರದ ವರದಿ

ಸಂಸ್ಥೆಗಳು ಜನರಿಂದ ದೂರವಾದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮಘಟ್ಟದ ವರದಿಗಳ ಕಥೆಯೇ ಸಾಕ್ಷಿ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಸಲ್ಲಿಸಿತು. ಕೇಂದ್ರ ಪರಿಸರ ಸಚಿವಾಲಯ ಅದನ್ನು ಮುಚ್ಚಿಟ್ಟಿತು. ಮಾಹಿತಿ ಹಕ್ಕು ಕಾಯ್ದೆಯಡಿ ನಾಗರಿಕರೊಬ್ಬರು ಹೋರಾಡಿ, ಕೇಂದ್ರ ಮಾಹಿತಿ ಆಯೋಗ ಮತ್ತು ದೆಹಲಿ ಹೈಕೋರ್ಟ್ ಆದೇಶಿಸಿದ ಬಳಿಕವಷ್ಟೇ, 2012ರ ಮೇ ತಿಂಗಳಲ್ಲಿ, ಅದು ಹೊರಬಂದಿತು. ಸಂರಕ್ಷಣೆಯ ಗಡಿಗಳನ್ನು ಗ್ರಾಮಸಭೆಗಳೊಡನೆ ಚರ್ಚಿಸಿ ಅಂತಿಮಗೊಳಿಸಬೇಕೆಂದು ಹೇಳಿದ್ದ ವರದಿಯೇ ಗ್ರಾಮಸಭೆಗಳನ್ನು ತಲುಪಲಿಲ್ಲ. ಅದರ ಪಕ್ಷ ವಹಿಸಿದ ಸಂಸ್ಥೆಗಳು ನೂರಾರು ಪುಟಗಳ ಆ ಇಂಗ್ಲಿಷ್ ಬರಹವನ್ನು ಮನೆಮನೆಗೆ ಮುಟ್ಟಿಸುವ ಮೊದಲೇ ವದಂತಿ ಊರು ಸೇರಿತ್ತು.

ರಾಸಾಯನಿಕ ಕೀಟನಾಶಕಗಳನ್ನು ವಲಯಕ್ಕೆ ತಕ್ಕಂತೆ ಕೆಲವು ವರ್ಷಗಳ ಅವಧಿಯಲ್ಲಿ ಹಂತಹಂತವಾಗಿ ಕೈಬಿಡಬೇಕು, ಮಣ್ಣಿನಲ್ಲಿ ಇಂಗಾಲ ಹೆಚ್ಚಿಸುವ ರೈತನಿಗೆ ಸಂರಕ್ಷಣಾ ಶುಲ್ಕ ಸಲ್ಲಬೇಕು ಎಂಬುದು ವರದಿಯ ಸಲಹೆಯಾಗಿತ್ತು. ಊರಿಗೆ ತಲುಪಿದ ಮಾತು "ನಾಳೆಯಿಂದ ಔಷಧಿ ಹೊಡೆಯುವಂತಿಲ್ಲ, ಮನೆ ಕಟ್ಟುವಂತಿಲ್ಲ" ಎಂಬುದು. ಅರೇಬಿಕಾದ ಕಾಂಡಕೊರಕ ಹುಳುವಿನ ಕಾಟದಲ್ಲಿ ಬಸವಳಿದ, ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನೇ ನಂಬಿದ ಸಣ್ಣ ಬೆಳೆಗಾರ ಹೆದರಿದ್ದು ಸಹಜ. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ಕ್ಕಿಂತ ಹೆಚ್ಚಿನವು ಸಣ್ಣವು. ಅವರ ಪ್ರಶ್ನೆಗೆ ತೋಟದಲ್ಲಿ ನಿಂತು ಉತ್ತರಿಸುವವರು ಬೇಕಿತ್ತು. ಬೆಂಗಳೂರಿನ ಸಭಾಂಗಣದ ಉಪನ್ಯಾಸ ಅದಕ್ಕೆ ಬದಲಿಯಾಗಲಾರದು. ಆ ತೆರವನ್ನು ಗಣಿ, ರೆಸಾರ್ಟ್ ಮತ್ತು ಮರದ ಹಿತಾಸಕ್ತಿಗಳು ತುಂಬಿದವು. ರೈತನ ಹೆಗಲ ಮೇಲೆ ಬಂದೂಕಿಟ್ಟು ಗುಂಡು ಹಾರಿಸಿದವು.

ಮುಂದೆ 2013ರಲ್ಲಿ ಕಸ್ತೂರಿರಂಗನ್ ನೇತೃತ್ವದ ಕಾರ್ಯಪಡೆ ಸಂರಕ್ಷಣೆಯ ವ್ಯಾಪ್ತಿಯನ್ನು ಕುಗ್ಗಿಸಿತು. ಅದರ ಆಧಾರದ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಹೊರಬಿದ್ದು, ವಯನಾಡಿನಲ್ಲಿ ಭೂಕುಸಿತವಾದ ಮರುದಿನ, 2024ರ ಜುಲೈ 31ರಂದು, ಆರನೆಯ ಬಾರಿ ಪ್ರಕಟವಾಯಿತು. ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಈ ನಡುವೆ 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಬೆಟ್ಟಗಳೇ ಜಾರಿ ಮನೆಮಠಗಳು ಹೂತುಹೋದವು. ಆಗ ಸ್ವಯಂಸೇವಾ ಸಂಸ್ಥೆಗಳು ಬೇಕಾದವು: ಅಕ್ಕಿ ಹಂಚಲು, ಕಂಬಳಿ ಹೊದಿಸಲು, ಹೆಣ ಹುಡುಕಲು. ದುರಂತದ ಬಳಿಕ ಕೈಚಾಚಿ ಕರೆಯುವ ಸರ್ಕಾರ, ಇಳಿಜಾರನ್ನು ಕಡಿದು ಭೂಪರಿವರ್ತನೆಗೆ ಅನುಮತಿ ನೀಡುವ ಮುನ್ನ ಅವರ ಮಾತನ್ನೇಕೆ ಕೇಳಬಾರದು?

ಭಾಷೆಯ ಪ್ರಶ್ನೆ ಇಲ್ಲಿಗೇ ಮುಗಿಯುವುದಿಲ್ಲ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು ಬಂದಾಗ, ಸಾರ್ವಜನಿಕ ವಿಚಾರಣೆಯ ಸೂಚನಾ ಅವಧಿಯನ್ನು 30 ದಿನಗಳಿಂದ 20ಕ್ಕೆ ಇಳಿಸುವ ಪ್ರಸ್ತಾವ ಅದರಲ್ಲಿತ್ತು. ಜನರ ಅಭಿಪ್ರಾಯ ಕೇಳಿದ ಆ ಕರಡು ಕನ್ನಡದಲ್ಲಿರಲಿಲ್ಲ. ದೇಶಭಾಷೆಗಳಲ್ಲಿ ಪ್ರಕಟಿಸಿರೆಂದು ನಾಗರಿಕರು ನ್ಯಾಯಾಲಯಗಳಿಗೆ ಹೋಗಬೇಕಾಯಿತು. ಓದಲಾಗದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು ಕಿವುಡನ ಮುಂದೆ ಡಂಗುರ ಸಾರಿದಂತೆ.

ಹಣದ ಮೂಗುದಾರ

ಪ್ರಶ್ನಿಸುವ ಸಂಸ್ಥೆಗಳನ್ನು ಹಣದ ಮೂಲಕ ಕಟ್ಟಿಹಾಕುವ ಕೆಲಸ ಹೊಸದಲ್ಲ. ವಿದೇಶಿ ದೇಣಿಗೆ ನಿಯಂತ್ರಣದ ಮೊದಲ ಕಾಯ್ದೆ ಬಂದದ್ದು ತುರ್ತು ಪರಿಸ್ಥಿತಿಯ 1976ರಲ್ಲಿ. 2010ರಲ್ಲಿ ಅದು ಮತ್ತಷ್ಟು ಬಿಗಿಯಾಯಿತು. 2020ರ ತಿದ್ದುಪಡಿ ಒಂದು ಸಂಸ್ಥೆ ಇನ್ನೊಂದಕ್ಕೆ ವಿದೇಶಿ ನಿಧಿ ವರ್ಗಾಯಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ದೇಣಿಗೆಯೆಲ್ಲವೂ ದೆಹಲಿಯ ಒಂದೇ ಬ್ಯಾಂಕ್ ಶಾಖೆಯ ಮೂಲಕ ಬರಬೇಕೆಂದು ವಿಧಿಸಿತು. ದೊಡ್ಡ ಸಂಸ್ಥೆ ಇದನ್ನು ತಾಳಿಕೊಂಡೀತು. ದೊಡ್ಡದರ ಕೈಹಿಡಿದು ನಡೆಯುತ್ತಿದ್ದ ಹಳ್ಳಿಯ ಸಣ್ಣ ಸಂಸ್ಥೆಯ ಗತಿ? ವಿದೇಶಿ ಬಂಡವಾಳಕ್ಕೆ ಕೆಂಪು ಹಾಸು, ವಿದೇಶಿ ದೇಣಿಗೆಗೆ ಕೆಂಪು ಗುರುತು ಎಂಬುದು ಯಾವ ಬಗೆಯ ಸ್ವದೇಶಿ?

ಹಾಗೆಂದು ದೇಶೀಯ ಹಣ ಪವಿತ್ರವೆಂದೇನೂ ಅಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾಗಿ ವ್ಯಯಿಸಬೇಕು. ಆ ಹಣದಿಂದ ಶಾಲೆಗೆ ಬೆಂಚು ಬರುತ್ತದೆ, ಕೆರೆಯ ಹೂಳು ಹೋಗುತ್ತದೆ, ಸಸಿ ನೆಡಲಾಗುತ್ತದೆ. ಆದರೆ ನೀತಿಯನ್ನು ಪ್ರಶ್ನಿಸುವ ಸಂಸ್ಥೆಗೆ ಯಾವ ಕಂಪನಿ ಹಣ ಕೊಟ್ಟೀತು? ಉಂಡ ಮನೆಯ ಗಳ ಎಣಿಸಬಾರದೆಂಬ ಗಾದೆ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಗಳ ಎಣಿಸುವುದೇ ಕೆಲಸವಾಗಿರುವವರು ಆ ಮನೆಯಲ್ಲಿ ಉಣ್ಣಬಾರದು.

ಆಗಬೇಕಾದುದು

ಕೊಡಗಿಗೆ ಸಂಘಜೀವನ ಹೊರಗಿನಿಂದ ಬಂದುದಲ್ಲ. ಸಾವಿರಕ್ಕೂ ಮಿಕ್ಕ ದೇವರಕಾಡುಗಳನ್ನು ಇಂದಿನವರೆಗೆ ಉಳಿಸಿದ್ದರಲ್ಲಿ ಊರಿನವರ ಪಾಲು ದೊಡ್ಡದು. ಆದರೆ ಹಳೆಯ ಊರುಕೂಟಗಳಲ್ಲಿ ಕೂಲಿಯಾಳಿನ, ಯರವರ, ಹೆಣ್ಣುಮಕ್ಕಳ ಮಾತಿಗೆ ಎಷ್ಟು ಸ್ಥಾನವಿತ್ತು ಎಂಬುದು ಎಲ್ಲರಿಗೂ ತಿಳಿದ ವಿಷಯ. ಎಲ್ಲ ವಯಸ್ಕರಿಗೂ ಸಮಾನವಾಗಿ ಕೂರುವ ಹಕ್ಕನ್ನು ಕೊಟ್ಟ ಕೂಟ ಗ್ರಾಮಸಭೆ. ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿದೆ. ಸಂಸ್ಥೆಗಳ ಸ್ಥಾನ ಗ್ರಾಮಸಭೆಯ ಮೇಲಲ್ಲ, ಬದಲಿಗೂ ಅಲ್ಲ, ಅದರ ಎದುರಿನಲ್ಲಿ.

ಇದನ್ನು ಕೆಲವು ನಿಯಮಗಳಲ್ಲಿ ಹೇಳಬಹುದು. ಯಾವುದೇ ಯೋಜನೆ ಅಥವಾ ಕಾಯ್ದೆಯ ಕುರಿತು ಸಂಸ್ಥೆ ತನ್ನ ಅಭಿಪ್ರಾಯ ಹೇಳುವ ಮುನ್ನ ಮೂಲ ಕಡತದ ಸಾರವನ್ನು ಕನ್ನಡದಲ್ಲಿ ಕೊಡಬೇಕು. ಹಾಡಿಗಳಲ್ಲಿ ಅಲ್ಲಿಯ ನುಡಿಯಲ್ಲೇ ಹೇಳಬೇಕು. ಒಂದು ಊರಿನ ಹೆಸರಿನಲ್ಲಿ ಅರ್ಜಿ ಹಾಕುವ ಮೊದಲು ಆ ಊರಿನ ಗ್ರಾಮಸಭೆಯ ಮುಂದೆ ವಿಷಯವಿಡಬೇಕು. ಒಪ್ಪದವರ ಮಾತನ್ನೂ ದಾಖಲಿಸಬೇಕು. ಗ್ರಾಮಸಭೆ ತನ್ನ ನಿಲುವಿಗೆ ವಿರುದ್ಧವಾಗಿ ತೀರ್ಮಾನಿಸಿದರೆ ಸಂಸ್ಥೆ ಸ್ವಂತ ಹೆಸರಿನಲ್ಲಿ ಹೋರಾಡಲಿ, ಜನರ ಹೆಸರಿನಲ್ಲಿ ಬೇಡ. ನೋಂದಣಾಧಿಕಾರಿಗೆ ಪ್ರತಿ ವರ್ಷ ಸಲ್ಲಿಸುವ ಲೆಕ್ಕವನ್ನು, ಹಣ ಯಾರಿಂದ ಬಂತು ಎಂಬುದರ ಸಹಿತ, ತಾನು ಕೆಲಸ ಮಾಡುವ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಲಿ. ತಾನು ಪರಿಶೀಲಿಸಬೇಕಾದ ಯೋಜನೆಯ ಮಾಲೀಕನಿಂದ ಒಂದು ರೂಪಾಯಿಯನ್ನೂ ಮುಟ್ಟದಿರಲಿ.

ಇವು ಕಠಿಣ ನಿಯಮಗಳೆಂದು ತೋರಬಹುದು. ಆದರೆ ಇವನ್ನು ಪಾಲಿಸಿದ ಸಂಸ್ಥೆಯನ್ನು "ಆರಿಸಿದವರು ಯಾರು?" ಎಂದು ಕೇಳುವ ಧೈರ್ಯ ಯಾವ ಮಂತ್ರಿಗೂ ಬಾರದು. ಬದಲಿಗೆ ಆ ಮಂತ್ರಿಗೆ ಮರುಪ್ರಶ್ನೆ ಹಾಕುವ ಬಲ ಜನರಿಗೆ ಬರುತ್ತದೆ: ನಿಮ್ಮ ಯೋಜನೆಯನ್ನು ಯಾವ ಗ್ರಾಮಸಭೆಯ ಮುಂದೆ ಇಟ್ಟಿರಿ?

ವಿದ್ಯಾರ್ಥಿಗಳಿಗೆ ಇದರಲ್ಲಿ ಮಾಡಲು ಕೆಲಸವಿದೆ. ತಮ್ಮ ಪಂಚಾಯತಿಯ ಮುಂದಿನ ಗ್ರಾಮಸಭೆ ಎಂದು ನಡೆಯುತ್ತದೆ ಎಂಬುದನ್ನು ಅವರು ಮೊದಲು ವಿಚಾರಿಸಲಿ. ಅಲ್ಲಿಗೆ ಹೋಗಿ, ಕಳೆದ ಸಭೆಯ ನಿರ್ಣಯಗಳನ್ನು ಓದಿಸಲಿ. ತಮ್ಮ ಊರಿನಲ್ಲಿ ಕೆಲಸ ಮಾಡುವ ಸಂಸ್ಥೆಗಳನ್ನು ಅಲ್ಲಿಗೆ ಕರೆಸಿ ಲೆಕ್ಕ ಕೇಳಲಿ; ಈ ಪತ್ರಿಕೆಯನ್ನು ಹೊರತರುವ ಬಳಗವೂ ಅದಕ್ಕೆ ಹೊರತಲ್ಲ. ಉತ್ತರ ಕೊಟ್ಟವರ ಜತೆ ನಿಲ್ಲಲಿ. ಕೊಡದವರ ಫಲಕ ಎಷ್ಟೇ ಹಸಿರಾಗಿದ್ದರೂ ಅವರನ್ನು ನಂಬಬೇಕಾಗಿಲ್ಲ.